ಒಳ್ಳೇದಾಯ್ತು ಬಿಡಿ

ಕೆಟಲಿನ ಮುಚ್ಚಳ ಕುಣಿಯುತ್ತಿದೆ, ಹಬೆ ಎದ್ದು ಕಿಟಕಿಯ ಗಾಜಿಗೆ ಮುಖ ಒತ್ತಿ ನೀರಾಗಿ ಇಳಿಯುತ್ತಿದೆ, ಇಷ್ಟು ಕುಣಿಯುವಾಗ ಸದ್ದು ಇರಲೇಬೇಕು, ಟಕಟಕ ಅಂತಲೋ ಕಟಕಟ ಅಂತಲೋ, ಹಳೆಯ ನೆನಪಿನಿಂದ ಒಂದು ಸದ್ದು ಕತ್ತರಿಸಿ ತಂದು ಅದಕ್ಕೆ ಹಚ್ಚಿಕೊಳ್ಳಬೇಕು, ಹರಿದ ಅಂಗಿಗೆ ತೇಪೆ ಹಚ್ಚಿದ ಹಾಗೆ — ಅವಳು ಬಾಗಿಲಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ, ಎದ್ದು ಹೋಗಲು ಸಲೀಸಾಗಲಿ ಅಂತಲೇ ಆರಿಸಿಕೊಂಡ ಕುರ್ಚಿ, ಇವತ್ತೇ ಕೊನೆ, ಮುಂದಿನ ಬುಧವಾರ ವ್ಯಾನು ಬಂದರೆ ಕಿಟಕಿಯಿಂದಲೇ ಕೈ ಆಡಿಸಿ ಇಲ್ಲ ಅಂದುಬಿಡುವುದು, ಇವತ್ತೂ ಬರುತ್ತಿರಲಿಲ್ಲ, ಕಸದ ಬುಟ್ಟಿ ಹೊರಗಿಡಲು ಬಾಗಿಲು ತೆಗೆದರೆ ಔಷಧಿ ಅಂಗಡಿಯವಳು ಎದುರಿಗೇ ನಿಂತಿದ್ದಳು, ಎಷ್ಟು ಹೊತ್ತಿನಿಂದ ಗಂಟೆ ಒತ್ತುತ್ತಿದ್ದಳೋ, ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು, ಬನ್ನಿ ಅಮ್ಮಾ, ಬಂದು ಟೈಲರಮ್ಮನ ಹತ್ರ ಒಂದು ಮಾತಾಡಿ, ಒಂದೇ ಮಾತು, ಸರಿ ಹೋಗತ್ತೆ, ಅಂದಳು, ಅಂದಿರಬೇಕು, ಮಾತು ಅನ್ನುವುದು ತುಟಿಯ ಮೇಲೆ ಚೆನ್ನಾಗಿ ಕಾಣುತ್ತದೆ, ಮೊದಲು ಮುಚ್ಚಿ ಆಮೇಲೆ ಚೂಪಾಗುತ್ತದೆ — ಔಷಧಿ ಅಂಗಡಿಯ ಪಕ್ಕದ ಈ ಕೋಣೆ ಮೊದಲು ಸೈಕಲ್ಲು ನಿಲ್ಲಿಸುವ ಜಾಗ, ಎಣ್ಣೆಯ ಕಲೆ ನೆಲದ ಮೇಲೆ ಇನ್ನೂ ಇದೆ, ಬೀದಿಯ ಮುದುಕರೆಲ್ಲ ತನ್ನ ಅಂಗಡಿಗೆ ಮಾತ್ರೆಗಿಂತ ಮಾತಿಗೇ ಬರುತ್ತಾರೆ ಅನ್ನುವುದು ಔಷಧಿ ಅಂಗಡಿಯವಳಿಗೆ ಹೊಳೆದದ್ದೇ ತಡ, ಬುಧವಾರಕ್ಕೊಮ್ಮೆ ಎಲ್ಲರನ್ನೂ ಇಲ್ಲಿ ಕೂಡಿಸಬೇಕು ಅಂತ ತಲೆಗೆ ಹುಳ ಬಿಟ್ಟುಕೊಂಡಳು, ಯಾರ್ಯಾರ ಮನೆಯ ಬಾಗಿಲು ತೆರೆಯುವುದೇ ಇಲ್ಲ ಅನ್ನುವುದನ್ನು ಅಂಚೆಯವನು ಹೇಳಿದ, ಶಾಲೆಯವರು ಕಾಲು ಮುರಿದ ಕುರ್ಚಿ ಕೊಟ್ಟರು, ಬಡಗಿ ಕಾಲು ಕೂಡಿಸಿದ, ಬೇಕರಿಯವನು ಬಿಸ್ಕತ್ತು ಕಳಿಸಿದ, ಮಕ್ಕಳನ್ನು ಶಾಲೆಗೆ ಇಳಿಸಿದ ವ್ಯಾನಿನವನು ಖಾಲಿ ಹೊತ್ತಿನಲ್ಲಿ ಮುದುಕರನ್ನು ತುಂಬಿಕೊಂಡು ಬಂದ, ಸಣ್ಣ ಮಕ್ಕಳ ಸೀಟಿನಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತ ಮುದುಕರನ್ನು ನೋಡಬೇಕಿತ್ತು — ಒಳ್ಳೆಯ ಜನ, ಅದನ್ನು ಅವಳು ಎಲ್ಲಿ ನಿಂತು ಬೇಕಾದರೂ ಹೇಳುತ್ತಾಳೆ, ಆದರೆ ಮನೆಯಲ್ಲಿ ಒಬ್ಬಳೇ ಇರುವಾಗ ಕೇಳಿಸದಿದ್ದರೆ ಅದು ಬರೀ ನಿಶ್ಶಬ್ದ, ಇಲ್ಲಿ ಇಷ್ಟೊಂದು ಬಾಯಿ ಆಡುವಾಗ ಕೇಳಿಸದಿದ್ದರೆ ನೀರಿನ ತಳದಲ್ಲಿ ಕೂತು ದಡದ ಸಂತೆ ನೋಡಿದ ಹಾಗೆ, ಕಿವುಡರ ಮುಂದೆ ಕಿನ್ನರಿ ಬಾರಿಸಿದಂತೆ ಅನ್ನುತ್ತಾರಲ್ಲ, ಕಿನ್ನರಿ ಬಾರಿಸುವವನ ಸಂಕಟವನ್ನೇ ಎಲ್ಲರೂ ಹೇಳುವುದು, ಕಿವುಡರನ್ನು ಯಾರು ಕೇಳಿದರು.

ಟೈಲರಮ್ಮ ಕಿಟಕಿಯ ಬಳಿ ಕೂತಿದ್ದಾಳೆ, ಅಲ್ಲಿಂದ ಈ ಕಡೆ ನೋಡುವುದಿಲ್ಲ, ನೋಡಬಾರದು ಅಂತ ಕತ್ತನ್ನೇ ಹೊಲಿದುಕೊಂಡ ಹಾಗಿದೆ, ಎರಡೂ ಕೈಯಲ್ಲಿ ಟೀ ಲೋಟ ಹಿಡಿದು ಬಾಯಿಗೆ ಅಡ್ಡ ಇಟ್ಟುಕೊಳ್ಳುವುದು ಆಕೆಯ ಅಭ್ಯಾಸ, ಹೋದ ಬುಧವಾರವೂ ಹಾಗೇ ಇಟ್ಟುಕೊಂಡಿದ್ದಳು, ಕುರ್ಚಿ ಎಳೆದು ಅವಳ ಪಕ್ಕಕ್ಕೆ ಬಂದು ಕೂತಳು, ಅಷ್ಟು ಹತ್ತಿರ ಯಾರೂ ಬಂದು ಕೂತಿರಲಿಲ್ಲ, ಮಹಾರಾಣಿ ಅಂತ ತನಗೆ ಹೆಸರಿಟ್ಟಿದ್ದಾರೆ ಅನ್ನುವುದು ಗೊತ್ತು, ಮಾತಾಡಿಸಿದರೆ ಮಾತಾಡಲ್ಲ, ಬಾಗಿಲು ತಟ್ಟಿದರೆ ತೆಗೆಯಲ್ಲ, ಏನು ಸೊಕ್ಕು — ಟೈಲರಮ್ಮ ಲೋಟದ ಹಿಂದಿನಿಂದ ಏನೋ ಹೇಳಿದಳು, ಬಹಳ ಹೊತ್ತು ಹೇಳಿದಳು, ಹಬೆ, ಲೋಟದ ಅಂಚು, ಅದರ ಮೇಲೆ ಎರಡು ಕಣ್ಣು, ಕೇಳಿಸದ ಮಾತಿಗೆ ಅವಳ ಹತ್ತಿರ ಮೂರು ಉತ್ತರಗಳಿವೆ, ಹೂಂ, ಹೌದಾ, ಒಳ್ಳೇದಾಯ್ತು ಬಿಡಿ, ಸರದಿಯಂತೆ ಒಂದೊಂದು ತೆಗೆದು ಕೊಡುತ್ತಾಳೆ, ಹೆಚ್ಚು ಕಡಿಮೆ ಎಲ್ಲಕ್ಕೂ ಹೊಂದುತ್ತದೆ, ಅಷ್ಟು ದಿನ ಹೊಂದಿತ್ತು, ಜನಕ್ಕೆ ಬೇಕಾದದ್ದೂ ಅಷ್ಟೇ, ಅವತ್ತು ಮೂರನೆಯದರ ಸರದಿ, ನಗುತ್ತಾ ಕೊಟ್ಟಳು, ಒಳ್ಳೇದಾಯ್ತು ಬಿಡಿ. ಲೋಟ ಕೆಳಗಿಳಿಯಿತು. ಆ ಬಾಯಿ ಹಾಗೇ ತೆರೆದುಕೊಂಡು ನಿಂತಿತ್ತು, ಅದರಲ್ಲಿ ಮಾತಿರಲಿಲ್ಲ, ಅದು ಕಿವಿಯಿದ್ದವರಿಗೂ ಕೇಳಿಸುತ್ತಿರಲಿಲ್ಲ — ಆಮೇಲೆ ಔಷಧಿ ಅಂಗಡಿಯವಳು ಎದುರಿಗೆ ಬಂದು ನಿಂತಳು, ಸಿಟ್ಟು ಬಂದಾಗ ಜನರ ತುಟಿ ಅಕ್ಷರ ಅಕ್ಷರವಾಗಿ ಬಿಡಿಸಿಕೊಳ್ಳುತ್ತದೆ, ಅವರ ಅಕ್ಕ ತೀರ್ಕೊಂಡಿದ್ದು ಒಳ್ಳೇದಾಯ್ತಾ ನಿಮಗೆ, ಅಂದಳು, ಅದನ್ನು ಅವಳು ಒಂದೂ ಬಿಡದೆ ಓದಿದಳು, ಕಿವಿ ಕೇಳಲ್ಲ ಅಂತ ಆಗಲೇ ಹೇಳಬಹುದಿತ್ತು, ನಾಲಿಗೆಯ ತುದಿಗೆ ಬಂದಿತ್ತು, ಆದರೆ ಸೋದರತ್ತೆ ಅಡ್ಡ ಬಂದಳು, ಯಾವಾಗಲೂ ಅವಳೇ ಅಡ್ಡ ಬರುವುದು, ಮನೆಯ ಮೂಲೆಯ ಮಂಚದ ಮೇಲೆ ಕೂತಿರುತ್ತಿದ್ದ ಸೋದರತ್ತೆ, ಕಿವಿ ಹೋದ ದಿನದಿಂದ ಅವಳಿಗೆ ಅತ್ತೆ ಅನ್ನುವ ಹೆಸರೂ ಹೋಗಿ ಕಿವುಡಿ ಅಂತಾಯಿತು, ಅವಳಿಗೇನು ಕೇಳತ್ತೆ ಬಿಡೇ ಅಂತ ಅವಳ ಎದುರಿಗೇ ಅವಳ ಸಾವಿನ ಖರ್ಚು ಮಾತಾಡುತ್ತಿದ್ದರು, ಅತ್ತೆ ತಲೆ ಆಡಿಸಿ ನಗುತ್ತಿದ್ದಳು — ಹಾಗಾಗುವುದಕ್ಕಿಂತ ಮಹಾರಾಣಿಯೇ ವಾಸಿ, ಸೊಕ್ಕಿನವಳು ಅಂದರೆ ಅಷ್ಟಾದರೂ ಹೆದರುತ್ತಾರೆ, ಅವರು ಇದ್ದಾಗ ಇದ್ಯಾವುದೂ ಇರಲಿಲ್ಲ, ಅವಳ ಯಜಮಾನರು, ಯಾರಾದರೂ ಏನಾದರೂ ಅಂದರೆ ಅವರೇ ಈ ಕಡೆ ತಿರುಗಿ, ನೋಡೇ, ಇವರು ಹೀಗಂತಾರೆ, ಅಂತ ಮುಖಕ್ಕೆ ಮುಖ ಕೊಟ್ಟು ಇನ್ನೊಂದು ಸಲ ಹೇಳುತ್ತಿದ್ದರು, ಬಂದವರಿಗೆ ಅದು ಗಂಡ ಹೆಂಡಿರ ಸರಸದ ಹಾಗೆ ಕಾಣುತ್ತಿತ್ತು, ಒಬ್ಬರಿಗೂ ಅನುಮಾನ ಬರಲಿಲ್ಲ, ಅವರನ್ನು ಮಣ್ಣಿಗಿಟ್ಟು ಬಂದ ದಿನ ಅವಳ ಕಿವಿಯನ್ನೂ ಇಟ್ಟು ಬಂದ ಹಾಗಾಯಿತು, ಈಗ ದಿನಕ್ಕೊಮ್ಮೆ ಗಂಟಲ ಮೇಲೆ ಕೈಯಿಟ್ಟುಕೊಂಡು ಮಾತ್ರೆ ಡಬ್ಬಿಯ ಮೇಲಿನ ಅಕ್ಷರ ಜೋರಾಗಿ ಓದುತ್ತಾಳೆ, ಕೈಗೆ ನಡುಕ ತಾಗಿದರೆ ದನಿ ಇದೆ ಅಂತ ಲೆಕ್ಕ, ಮೌನ ಬಂಗಾರ ಅಂತೆ, ಹಾಗಾದರೆ ಈ ಬೀದಿಯಲ್ಲಿ ತನ್ನಷ್ಟು ಸಾಹುಕಾರರು ಯಾರಿದ್ದಾರೆ.

ಬಾಗಿಲಿನಿಂದ ಗಾಳಿ ಬಂತು, ಅಂಚೆಯವನು ಯಾರನ್ನೋ ಕರೆತಂದಿದ್ದಾನೆ, ಹೊಸಬ, ಮುದುಕ, ಉದ್ದನೆಯ ಆಸಾಮಿ, ಒಂದು ಕಿವಿಯ ಹಿಂದೆ ಅವರೆಕಾಳಿನಷ್ಟು ಯಂತ್ರ, ಬಂದವನು ಬಿಸ್ಕತ್ತಿನ ಮೇಜಿನ ಆಚೆ ಕೂತು ಸುಮ್ಮನೆ ಎಲ್ಲರ ಮುಖ ನೋಡುತ್ತಿದ್ದಾನೆ, ಕಣ್ಣನ್ನಲ್ಲ, ಬಾಯಿಯನ್ನು, ಅರೆ, ಇವನೂ ಬಾಯಿ ನೋಡುವವನೇ — ಔಷಧಿ ಅಂಗಡಿಯವಳು ಕೈಯಲ್ಲಿ ಟ್ರೇ ಹಿಡಿದು, ನೀವು ಅಲ್ಲಿ ಕೂರಿ, ನೀವು ಇಲ್ಲಿ ಬನ್ನಿ, ಅಂತ ಒಳಗೆ ಬಂದಳು, ಆಗ ಆ ಮುದುಕ ತನ್ನ ನುಣ್ಣಗೆ ಬೋಳಿಸಿದ ತುಟಿಯ ಮೇಲೆ ಎರಡು ಬೆರಳಿಟ್ಟು ಇಲ್ಲದ ಮೀಸೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೀಡಿದ, ಯಾರಿಗೂ ಅಂತ ಅಲ್ಲ, ತನ್ನಷ್ಟಕ್ಕೇ, ಅವಳಿಗೆ ಆ ಸನ್ನೆ ಗೊತ್ತು, ಮೇಸ್ತ್ರಿ ಬಂದ — ಅವಳು ದುಡಿದ ಮಗ್ಗದ ಶೆಡ್ಡು, ಸಾಲು ಸಾಲು ಮಗ್ಗ, ಲಾಳಿಗಳ ಹೊಡೆತಕ್ಕೆ ನೆಲವೇ ಅಂಗಾಲಿನಲ್ಲಿ ಗುದ್ದುತ್ತಿತ್ತು, ಬಂದ ಹೊಸತರಲ್ಲಿ ತಲೆನೋವು, ಆಮೇಲೆ ಅಭ್ಯಾಸ, ಆಮೇಲೆ ಕಿವಿಯೇ ಇಲ್ಲ, ಅಲ್ಲಿ ಕೂಗಿದರೆ ಪಕ್ಕದವಳಿಗೂ ಕೇಳದು, ಆದರೂ ಅಲ್ಲಿನಷ್ಟು ಹರಟೆ ಅವಳು ಮತ್ತೆಲ್ಲೂ ಹೊಡೆದಿಲ್ಲ, ದನಿಯಿಲ್ಲದೆ ತುಟಿ ಅಗಲಿಸಿ, ಕೈ ಎತ್ತಿ, ಶೆಡ್ಡಿನ ಈ ತುದಿಯಿಂದ ಆ ತುದಿಗೆ, ಎಳೆ ಕಡಿಯಿತು ಅಂದರೆ ಎರಡು ಬೆರಳು ಕೂಡಿಸಿ ಬಿಡಿಸುವುದು, ನೀರು ಅಂದರೆ ಹೆಬ್ಬೆಟ್ಟು ಬಾಯಿಗೆ, ಮೇಸ್ತ್ರಿ ಬಂದ ಅಂದರೆ ಮೀಸೆ, ಎಷ್ಟು ಮೇಸ್ತ್ರಿಗಳು ಬಂದರು ಹೋದರು, ಮೀಸೆಯೇ ಇಲ್ಲದವನಿಗೂ ಅದೇ ಮೀಸೆ, ಈಗ ನೋಡಿದರೆ ಔಷಧಿ ಅಂಗಡಿಯವಳಿಗೆ ಮೀಸೆ ಬಂದಿದೆ — ನಗು ಬಂತು, ತಡೆಯಲಾಗಲಿಲ್ಲ, ಎಷ್ಟು ಜೋರಾಗಿ ಬಂತೋ ಅವಳಿಗೇನು ಗೊತ್ತು, ಹೊಟ್ಟೆ ಹಿಡಿದುಕೊಂಡಳು, ಕಣ್ಣಲ್ಲಿ ನೀರು, ಅದೇ ಕಣ್ಣಲ್ಲಿ ಕಂಡದ್ದು, ಇಡೀ ಕೋಣೆ ಈ ಕಡೆ ತಿರುಗಿದೆ, ಟೈಲರಮ್ಮನೂ. ಟೈಲರಮ್ಮ ಲೋಟ ಇಟ್ಟಳು, ಚೀಲ ಹೆಗಲಿಗೆ ಹಾಕಿದಳು, ಎದ್ದಳು. ಅಯ್ಯೋ, ನಿನ್ನನ್ನು ನೋಡಿ ಅಲ್ಲ ಕಣಮ್ಮಾ, ಆಣೆಗೂ ಅಲ್ಲ, ಅಂದಳೋ, ಅಂದುಕೊಂಡಳೋ, ಗಂಟಲ ಮೇಲೆ ಕೈಯಿಲ್ಲದಿದ್ದರೆ ದನಿ ಹೊರಗೆ ಬಂತೋ ಒಳಗೇ ಉಳಿಯಿತೋ ತಿಳಿಯುವುದು ಹೇಗೆ, ಟೈಲರಮ್ಮ ಅವಳ ಮುಂದೆಯೇ ಹಾದು ಬಾಗಿಲ ಹಿಡಿಗೆ ಕೈ ಹಾಕಿದಳು, ಹೋಗುತ್ತಾಳೆ, ಹೋದರೆ ಇನ್ನು ಬರುವುದಿಲ್ಲ, ಅಕ್ಕನೂ ಇಲ್ಲದ ಮನೆಗೆ ಹೋಗಿ ತನ್ನ ಹಾಗೆಯೇ ಬಾಗಿಲು ಹಾಕಿಕೊಳ್ಳುತ್ತಾಳೆ, ತನ್ನಿಂದ — ಅವಳು ಅಂಗೈಯಿಂದ ಮೇಜಿನ ಮೇಲೆ ಬಡಿದಳು, ಲೋಟಗಳು ಹಾರಿದವು, ಮುದುಕ ತಿರುಗಿದ, ಅವನತ್ತ ಎರಡು ಬೆರಳು ಕೂಡಿಸಿ ಬಿಡಿಸಿದಳು, ಎಳೆ ಕಡಿಯಿತು, ಕಿವಿ ಮುಟ್ಟಿಕೊಂಡಳು, ಎರಡೂ ಕಿವಿ, ಮತ್ತೆ ಬೆರಳು ಬಿಡಿಸಿದಳು, ಬಾಗಿಲ ಕಡೆ ಕೈ ತೋರಿದಳು, ದನಿಯಿಲ್ಲದೆ ತುಟಿ ಅಗಲಿಸಿ, ಅವಳಿಗೆ ಹೇಳು, ಅಂದಳು.

ಮುದುಕ ಎದ್ದು ನಿಂತ, ಕುತ್ತಿಗೆಯ ನರ ಉಬ್ಬುವಷ್ಟು ಬಾಯಿ ತೆರೆದ, ಅವಳಿಗೆ ಪೂರ್ತಿ ಕಾಣಿಸಿತು, ಇವರಿಗೆ ಕಿವಿ ಕೇಳಲ್ಲ ಕಣ್ರೀ, ಒಂದು ಚೂರೂ ಕೇಳಲ್ಲ, ಮಗ್ಗದವರು ಇವರು, ನಮ್ಮವರು — ಅಷ್ಟೇ. ಸೋದರತ್ತೆಯ ಮಂಚ ಕೋಣೆಯ ನಡುವೆ ಬಂದು ನಿಂತ ಹಾಗಾಯಿತು, ಇನ್ನು ನಗುತ್ತಾರೆ, ಇಲ್ಲವೇ ಕೂಗಾಡುತ್ತಾರೆ, ಕಿವಿಯ ಹತ್ತಿರ ಬಾಯಿ ತಂದು ಬಿಸಿ ಉಸಿರು ಬಿಡುತ್ತಾರೆ, ಅವಳು ಮಡಿಲು ನೋಡುತ್ತಾ ಕೂತಳು, ಏನೂ ಆಗಲಿಲ್ಲ, ತಲೆಯೆತ್ತಿದರೆ ಔಷಧಿ ಅಂಗಡಿಯವಳು ಟ್ರೇ ಪಕ್ಕಕ್ಕಿಟ್ಟು ಎದುರಿಗೇ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ, ಮುಖ ಬಿಳಿಚಿಕೊಂಡಿದೆ, ನಿಧಾನವಾಗಿ, ಬಿಡಿಸಿ ಬಿಡಿಸಿ, ಅಮ್ಮಾ, ಊಟಕ್ಕೆ ಮುಂಚೆ, ಊಟ ಆದ್ಮೇಲೆ ಅಂತ ನಾನು ಹೇಳಿದ್ದಕ್ಕೆಲ್ಲಾ ಹೂಂ ಹೂಂ ಅಂದ್ರಲ್ಲಾ, ಮಾತ್ರೆ ಹೇಗೆ ನುಂಗ್ತಿದೀರಿ, ಅಂತ ಕೇಳಿದಳು, ನೆನಪಾದಾಗ, ಅಂದಳು ಅವಳು, ಔಷಧಿ ಅಂಗಡಿಯವಳು ಹಣೆ ಹಣೆ ಬಡಿದುಕೊಂಡಳು, ಯಾರೋ ನಕ್ಕರು, ಹಲ್ಲು ಕಂಡವು, ಅವರ ನಗುವಿನಲ್ಲಿ ಅತ್ತೆಯ ಮನೆಯವರ ನಗು ಇದೆಯೇ ಅಂತ ಹುಡುಕಿದಳು, ಸಿಗಲಿಲ್ಲ — ಅಂಚೆಯವನು ಕುರ್ಚಿಗಳನ್ನು ಎಳೆಯುತ್ತಿದ್ದಾನೆ, ಗೋಡೆಗೆ ಬೆನ್ನು ಕೊಟ್ಟಿದ್ದವನ್ನೆಲ್ಲ ಬೆಳಕಿನ ಕಡೆಗೆ, ಮುಖಕ್ಕೆ ಮುಖವಾಗಿ, ವ್ಯಾನಿನವನೂ ಕೈ ಹಾಕಿದ, ಬೇಕರಿಯವನ ಹೆಂಡತಿ ಒಬ್ಬೊಬ್ಬರೇ ಮಾತಾಡಿ ಅಂತ ಬೆರಳೆತ್ತಿ ಎಲ್ಲರನ್ನೂ ಗದರಿಸುತ್ತಿದ್ದಾಳೆ, ಮುದುಕ ದೂರದಿಂದ ಕೇಳಿದ, ಯಾವ ಪಾಳಿ ತಂಗೀ, ಗುರುತು ಏನು, ಶೆಡ್ಡಿನಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತು ಇರುತ್ತಿತ್ತು, ಕುಂಟುವವನಿಗೆ ಕುಂಟು, ಸೀನುವವಳಿಗೆ ಸೀನು, ಅವಳು ಎರಡೂ ಮುಷ್ಟಿಯನ್ನು ಹೆಗಲಿನಿಂದ ಸೊಂಟದವರೆಗೆ ಇಳಿಸಿದಳು, ಎರಡು ಜಡೆ, ಕತ್ತರಿಸಿದ ಬಿಳಿಗೂದಲಿನ ತಲೆ ಹೊತ್ತು ಎರಡು ಜಡೆ, ಮುದುಕ ಕೈ ಜೋಡಿಸಿ ತಲೆ ಬಾಗಿದ, ನಗದೆ. ಬಾಗಿಲ ಬಳಿ ಯಾರೂ ಇಲ್ಲ. ಹೋದಳು, ಅಂದುಕೊಳ್ಳುವಷ್ಟರಲ್ಲಿ ಪಕ್ಕದ ಕುರ್ಚಿ ಅಲ್ಲಾಡಿತು, ಟೈಲರಮ್ಮ, ಚೀಲ ಇನ್ನೂ ಹೆಗಲಲ್ಲೇ ಇದೆ, ಕುರ್ಚಿಯನ್ನು ಪಕ್ಕದಿಂದ ಎದುರಿಗೆ ತಿರುಗಿಸಿಕೊಂಡಳು, ಕೈಯಲ್ಲಿ ಲೋಟವಿಲ್ಲ, ನಮ್ಮಕ್ಕ ಹೋದ್ಲು, ಅಂದಳು, ಗೊತ್ತು ತಾಯೀ, ಆಮೇಲೆ ಗೊತ್ತಾಯ್ತು, ಅವತ್ತು ಕೇಳಲಿಲ್ಲ, ಕೇಳಿದ್ದರೆ, ಅಂದಳು ಅವಳು, ಟೈಲರಮ್ಮ ಅವಳ ಮಂಡಿಯ ಮೇಲೆ ಕೈಯಿಟ್ಟಳು, ಯಾರಾದರೂ ಹೀಗೆ ಮುಟ್ಟಿ ಎಷ್ಟು ಕಾಲವಾಯಿತು, ಒಟ್ಟಿಗೇ ಹೊಲೀತಿದ್ವಿ, ಅವಳು ಕತ್ತರಿಸೋದು, ನಾನು ಮಿಷನ್ನು, ಈಗ ಕತ್ತರಿ ಮುಟ್ಟಕ್ಕೇ ಆಗ್ತಿಲ್ಲ, ಹೇಳುತ್ತಾ ಹೋದಳು, ಎಲ್ಲ ಸಿಗಲಿಲ್ಲ, ಸಿಗದಿದ್ದಾಗ ಅವಳು ತಲೆ ಆಡಿಸಲಿಲ್ಲ, ಇನ್ನೊಂದ್ಸಲ ಹೇಳು, ಅಂದಳು, ಟೈಲರಮ್ಮ ಇನ್ನೊಂದು ಸಲ ಹೇಳಿದಳು.

ಆಮೇಲೆ ಕೇಳಿದಳು, ನಿಮ್ಮ ಮಗ್ಗದ ಮಾತಲ್ಲಿ ಅಕ್ಕ ಅನ್ನೋದಕ್ಕೆ ಕೈ ಹೇಗೆ ಮಾಡ್ತಾರೆ — ಹಾಗೆ ಇಲ್ಲ ತಾಯೀ, ಎಲ್ಲ ಅಕ್ಕಂದಿರಿಗೂ ಒಂದೇ ಅಂತ ಇಲ್ಲ, ಅವರವರಿಗೆ ಅವರವರದೇ, ನಿಮ್ಮಕ್ಕ ಹೇಗಿದ್ದಳು ಹೇಳು — ಟೈಲರಮ್ಮ ಎಲ್ಲೋ ನೋಡಿದಳು, ಕತ್ತರಿಸುವ ಮೇಜಿನ ಮೇಲೆ ಬಗ್ಗಿದ ತಲೆಯನ್ನು ನೋಡುತ್ತಿದ್ದಾಳೇನೋ, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ, ಹತ್ತಿರ ಹತ್ತಿರ ಬಗ್ಗುವ ಮುಖ, ನಿಧಾನವಾಗಿ ಬಲಗೈಯ ತೋರುಬೆರಳು ಎದ್ದಿತು, ಸೂಜಿಯ ಚುಚ್ಚುಗಳಿಂದ ಒರಟಾದ ಬೆರಳು, ಮೂಗಿನ ಮೇಲೆ ನಿಂತು ಅಲ್ಲಿಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿತು, ಯಾವಾಗ್ಲೂ ಜಾರ್ತಿತ್ತು ಅವಳಿಗೆ, ಅಂದಳು, ಮತ್ತೆ ತಳ್ಳಿದಳು, ಅವಳೂ ತನ್ನ ಬೆರಳು ಎತ್ತಿದಳು, ಹೀಗಾ, ಹೂಂ ಹಾಗೇ, ಸ್ವಲ್ಪ ಬೇಸರದಿಂದ, ಕೆಲಸ ಕೆಟ್ಟಿತಲ್ಲ ಅಂತ, ಹೀಗಾ, ಹೂಂ, ಮೇಜಿನ ಆಚೆ ಆ ಮುದುಕನೂ, ಯಾರೆಂದು ಕೇಳದೆ, ಗುರುತು ಕಲಿಯುವವನ ಹಾಗೆ ಬೆರಳೆತ್ತಿದ — ಮೂಗಿನ ಮೇಲಿನ ಬೆರಳು, ಜಾರುವ ಕನ್ನಡಕ, ಮೇಲಕ್ಕೆ, ಮತ್ತೆ ಜಾರಿ, ಮತ್ತೆ ಮೇಲಕ್ಕೆ, ಮೂವರ ಬೆರಳೂ.