ಹಗಲು ಮನೆಯಲ್ಲಿದ್ದವನು

ಮರಿಸ್ವಾಮಿ ಕೊಪ್ಪಳದಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಡ್ರೈವರ್ ಆಗಿದ್ದ. ಊರು ಮಲಗುವ ಹೊತ್ತಿಗೆ ಅವನ ಕೆಲಸ, ಊರು ಏಳುವ ಹೊತ್ತಿಗೆ ಅವನ ನಿದ್ದೆ. ಹಾಗಾಗಿ ಅವನ ಮನೆಯಲ್ಲಿ ಹಗಲು ಯಾರೂ ಜೋರಾಗಿ ಮಾತಾಡಿದ್ದಿಲ್ಲ. ಹೆಂಡತಿ ಹೊಳಿಯಮ್ಮ ಮಗಳನ್ನು ಬೈದದ್ದೂ ಪಿಸುಮಾತಿನಲ್ಲೇ. ಆ ಮಗಳು ಲಗ್ನವಾಗಿ ಯಲಬುರ್ಗಾಕ್ಕೆ ಹೋದಳು. ಆಮೇಲೆ ಹೊಳಿಯಮ್ಮ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಜೋಳದ ರೊಟ್ಟಿ ವ್ಯಾಪಾರ ಶುರು ಮಾಡಿದಳು. ಬಡಿಯುವ ಸಪ್ಪಳಕ್ಕೆ ಗಂಡನಿಗೆ ಎಚ್ಚರವಾದೀತೆಂದು ಎದುರುಮನೆಯ ಹಜರತಬೀಯ ಅಂಗಳದಲ್ಲೇ ಒಲೆ ಹೂಡಿದಳು.

ಈ ವರ್ಷ ಅವನು ರಿಟೈರ್ ಆದ. ಡಿಪೋದಲ್ಲಿ ಶಾಲು ಹೊದಿಸಿ ಕಳಿಸಿದರು. ಮೊದಮೊದಲು ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದ. ಹಳೆಯ ದೋಸ್ತರು ಚಹಾ ಕುಡಿಸುತ್ತಿದ್ದರು. ಅಷ್ಟರಲ್ಲಿ ಅವರವರ ಗಾಡಿ ಬಿಡುವ ಟೈಮ್ ಆಗಿ, ಖಾಲಿ ಕಪ್ಪುಗಳ ಮುಂದೆ ಇವನೊಬ್ಬನೇ ಉಳಿಯುತ್ತಿದ್ದ. ಮುಂಜಾನೆ ವಾಕಿಂಗ್ ಹೋಗಿ ನೋಡಿದ. ಅಲ್ಲಿ ಮಾತಾಡುವವರಿಗೆಲ್ಲ ಆಗಲೇ ಜೊತೆಗಾರರಿದ್ದರು. ಓಣಿಯಲ್ಲಂತೂ ಹತ್ತು ಮುಖಕ್ಕೆ ಒಂದು ಹೆಸರೂ ಅವನಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಕೂತರೆ ಎದುರಿನ ಅಂಗಳದಿಂದ ರೊಟ್ಟಿ ಬಡಿಯುವ ಸಪ್ಪಳ, ನಡುನಡುವೆ ಒಮ್ಮೆಗೇ ಏಳುವ ನಗು. ಹೊಳಿಯಮ್ಮ ಅಷ್ಟು ಜೋರಾಗಿ ನಗುತ್ತಾಳೆಂದು ಅವನಿಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ.

ಒಂದು ದಿನ ತಾನೂ ಓಣಿ ದಾಟಿ ಹೋದ. "ನಾನೂ ಏನರ ಕೈ ಹಚ್ತೀನಿ," ಅಂದ.

"ಬರ್ರಿ ಅಣ್ಣಾರ, ಕುಂದರ್ರಿ," ಎಂದು ಹಜರತಬೀ ಸೆರಗು ಸರಿ ಮಾಡಿಕೊಂಡು ಮಣೆ ಕೊಟ್ಟಳು.

ಹಿಟ್ಟಿನ ಉಂಡೆ ಮಾಡಿಕೊಟ್ಟ. ಒಣಗಿದ ರೊಟ್ಟಿ ಜೋಡಿಸಿದ. ಹೆಂಗಸರು ತಲೆ ತಗ್ಗಿಸಿ ಬಡಿದರು. ಮಾತಿಲ್ಲ, ನಗುವಿಲ್ಲ. ಮರುದಿನವೂ ಅಷ್ಟೇ.

ಸಂಜೆ ತಾಟಿಗೆ ಪಲ್ಯ ಹಾಕುತ್ತ ಹೊಳಿಯಮ್ಮ ಹೇಳಿದಳು. "ಸಿಟ್ಟಾಗಬ್ಯಾಡ್ರಿ. ನೀವು ಬಂದ್ರ ಅವರು ಬಾಯಿ ಬಿಡೂದಿಲ್ಲ. ನಾಕು ಮಾತಾಡಾಕ ಸಿಗತೈತಂತನ ಅರ್ಧ ಮಂದಿ ಬರ್ತಾರ."

"ನಾ ಏನಂದೆ ಅವರಿಗೆ?"

"ಏನೂ ಅಂದಿಲ್ಲ. ನಮ್ಮ ಮನಿಯವರು ಮಲಗ್ಯಾರ, ಸಪ್ಪಳ ಮಾಡಬ್ಯಾಡ್ರಿ ಅಂತ ಇಷ್ಟು ವರ್ಷ ನಾನ ರೂಢಿ ಮಾಡಿಸೀನಿ. ಈಗ ಹೆಂಗ ಬಿಡಿಸ್ಲಿ?"

ಅವನು ರೊಟ್ಟಿ ಮುರಿದ. "ಹಂಗಾರ ನಾ ಎಲ್ಲಿ ಕುಂದರ್ಲಿ, ಹೇಳು."



ಬೆಳಿಗ್ಗೆ ಅವಳೇ ರೊಟ್ಟಿಯ ಗಂಟು ತಂದು ಅವನ ಸ್ಕೂಟರಿನ ಮೇಲಿಟ್ಟಳು. ಗಿಣಿಗೇರಾದ ದುರಗಪ್ಪನ ಖಾನಾವಳಿಗೆ ಮುಟ್ಟಿಸಬೇಕಿತ್ತು.

ಅಲ್ಲಿ ಪಾಳಿ ಮುಗಿಸಿದ ಕಾರ್ಖಾನೆಯವರು ಉಣ್ಣುತ್ತಿದ್ದರು. ಗಂಟು ಇಳಿಸುವಾಗ ಒಬ್ಬ ಎಂಜಲು ಕೈಯಲ್ಲೇ ಎದ್ದು ನಿಂತ.

"ಡ್ರೈವರ್ ಸಾಹೇಬ್ರ, ನಾ ಕಾಶಿನಾಥ ಅಂತ. ಇಂಟರ್ವ್ಯೂಗೆ ಬೆಂಗಳೂರಿಗೆ ಹೊಂಟಾಗ ನಿಮ್ಮ ಗಾಡ್ಯಾಗ ಬಂದಿದ್ದೆ. ಸೀಟ್ ಇರಲಿಲ್ಲ, ನಿಮ್ಮ ಮಗ್ಗಲಕ ಬಾನೆಟ್ ಮ್ಯಾಲೆ ಕುಂದರ್ಸಿಕೊಂಡು ರಾತ್ರಿಯೆಲ್ಲ ಮಾತಾಡ್ಸಿದ್ರಿ. ನನ್ನ ಅಂಜಿಕಿ ಎಲ್ಲ ಹೋತು ನೋಡ್ರಿ."

ಮರಿಸ್ವಾಮಿಗೆ ಆ ಮುಖ ನೆನಪಿರಲಿಲ್ಲ. ನಿದ್ದೆ ಬರಬಾರದೆಂದು ಹಾಗೆ ಎಷ್ಟೋ ಜನರ ಜೊತೆ ಮಾತಾಡಿದ್ದ. ಆದರೂ, "ಹೌದಲ್ಲ! ಛಲೋ ಇದ್ದೀಯಲ್ಲಪಾ?" ಅಂದ.

ದಾರಿಯುದ್ದಕ್ಕೂ ಅದನ್ನು ಹೆಂಡತಿಗೆ ಹೇಳುವುದು ಹೇಗೆಂದು ಜೋಡಿಸಿಕೊಳ್ಳುತ್ತ ಬಂದ. ಹೊಳಿಯಮ್ಮ ನೀರಿಗೆಂದು ಹೊರಗೆ ಬಂದಿದ್ದಳು.

"ಇವತ್ತ ಏನಾತಂದ್ರ, ಒಬ್ಬಾಂವ..."

"ಹೊಳಿಯಕ್ಕಾ, ಹಂಚು ಕಾದೈತಿ!" ಎದುರಿನ ಅಂಗಳದಿಂದ ಕೂಗು ಬಂತು.

"ಆಮ್ಯಾಲೆ ಹೇಳ್ರಿ," ಎಂದು ಅವಳು ಓಡಿದಳು. ರಾತ್ರಿ ಉಂಡ ಮೇಲೆ ಹೇಳೋಣವೆಂದರೆ, ದಣಿದವಳು ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಅವನು ಎಬ್ಬಿಸಲಿಲ್ಲ.

ಮರುದಿನ ಗಂಟಿಗೆ ಹಗ್ಗ ಬಿಗಿಯುವಾಗ ಅವಳೇ ಕೇಳಿದಳು, "ನಿನ್ನಿ ಅದೇನೋ ಹೇಳಾಕತ್ತಿದ್ರಲ್ಲ?"

ಅವನು ಹೇಳಿದ. ಜೋಡಿಸಿಕೊಂಡಿದ್ದಷ್ಟು ಚೆಂದ ಬರಲಿಲ್ಲ. ಅವಳು ಹಗ್ಗದ ತುದಿ ಹಿಡಿದೇ ಕೊನೆಯವರೆಗೂ ಕೇಳಿದಳು.

"ನನಗ ಗೊತ್ತ ಇರಲಿಲ್ಲ ನೋಡ್ರಿ, ನೀವು ಅಷ್ಟು ಮಾತಾಡ್ತೀರಿ ಅಂತ," ಅಂದಳು. ಆಮೇಲೆ ಅಂಗಳಕ್ಕೆ ಹೊರಟಳು.

ಗಿಣಿಗೇರಾದಲ್ಲಿ ಅವತ್ತು ಕಾಶಿನಾಥ ಇರಲಿಲ್ಲ. ಪಾಳಿ ಬದಲಾಗಿದೆಯೆಂದ ದುರಗಪ್ಪ. ಮರಿಸ್ವಾಮಿ ಗಂಟು ಇಳಿಸಿ ಬಾಗಿಲವರೆಗೆ ಹೋದವನು ಮತ್ತೆ ಒಳಗೆ ಬಂದ. ಮೂಲೆಯಲ್ಲಿ ಒಬ್ಬನೇ ಉಣ್ಣುತ್ತಿದ್ದವನ ಎದುರು ಕೂತು, "ಯಾವೂರ್ರೀ ನಿಮ್ದು?" ಎಂದು ಕೇಳಿದ.

"ನವಲಿ," ಎಂದು ಅವನು ತುತ್ತು ನುಂಗಿ, ನೀರಿನ ತಂಬಿಗೆಯನ್ನು ಇತ್ತ ಸರಿಸಿದ.