ಒತ್ತಿದರೂ ಚಪ್ಪಟೆಯಾಗದ ನಾಳ

ವಡಗರದ ನಾಟಿವೈದ್ಯ ಚಾತ್ತುಕುಟ್ಟಿ ಗುರುಕ್ಕಳ್ ನಲವತ್ತು ವರ್ಷ ಊರವರ ಕಾಲುಗಳನ್ನೆಲ್ಲ ಎಣ್ಣೆ ಹಚ್ಚಿ ಉಜ್ಜಿದವರು. ಈಗ ಅವರದೇ ಸೊಂಟದ ಕೀಲು ಮುರಿದು, ಆಸ್ಪತ್ರೆಯಲ್ಲಿ ಹೊಸದು ಕೂರಿಸಿದ್ದರು. ಕೊಯ್ದದ್ದು ಸೊಂಟ, ಸೂಜಿ ಚುಚ್ಚುವುದು ಹೊಟ್ಟೆಗೆ, ಬಿಗಿಯಾದ ಕಾಲುಚೀಲ ಮೀನಖಂಡಕ್ಕೆ! ಅವರಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. ಬಿಗಿದರೆ ರಕ್ತ ನಿಲ್ಲುತ್ತದೆಂಬುದು ಅವರು ಕಲಿತ ವಿದ್ಯೆ. ಹಾಗಾಗಿ ನರ್ಸ್ ಲಿಸ್ಸಿ ಅತ್ತ ಹೋದೊಡನೆ ಚೀಲ ಕಳಚಿ ದಿಂಬಿನಡಿ ತುರುಕುತ್ತಿದ್ದರು. ಎದ್ದು ನಡೆಯಿರಿ ಎಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು.

ಐದನೆಯ ದಿನ ಎಡ ಮೀನಖಂಡ ಜಗ್ಗಿ ನೋಯತೊಡಗಿತು. ಶಿಷ್ಯ ಭಾಸ್ಕರನ್, ಅವನೂ ಐವತ್ತು ದಾಟಿದವನೇ, ತೈಲದ ಸೀಸೆ ತಂದು ತೋಳೇರಿಸಿದ. ಅಷ್ಟರಲ್ಲಿ ಲಿಸ್ಸಿ ಟೇಪು ಹಿಡಿದು ಬಂದು ಎರಡೂ ಕಾಲು ಅಳೆದಳು.

"ಕೈ ತೆಗೀರಿ ಭಾಸ್ಕರೇಟ್ಟಾ! ಬಲಗಾಲಿಗಿಂತ ಮೂರು ಸೆಂಟಿಮೀಟರ್ ಊದಿದೆ."

"ಊದಿದ್ದಕ್ಕೇ ಅಲ್ವೇನಮ್ಮಾ ಉಜ್ಜೋದು?"

ಲಿಸ್ಸಿ ಗಾಲಿಮಂಚ ತರಿಸಿದಳು. ಭಾಸ್ಕರನ್ ಜೊತೆಗೇ ಹೊರಟ. ಸ್ಕ್ಯಾನ್ ಕೋಣೆಯಲ್ಲಿ ಡಾಕ್ಟರ್ ರಸೀನಾ ತೊಡೆಯ ಮೇಲೆ ಉಪಕರಣ ಒತ್ತಿದರು. ಪರದೆಯಲ್ಲಿ ಬಳೆಯಂತೆ ಕಾಣುತ್ತಿದ್ದ ರಕ್ತನಾಳ ಚಪ್ಪಟೆಯಾಯಿತು. ಮಂಡಿಯ ಹಿಂದೆ ಒತ್ತಿದಾಗ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಅರೇ, ನೀವೂ ಒತ್ತೋರೇ ಅಲ್ವಾ!" ಗುರುಕ್ಕಳ್ ಕಣ್ಣರಳಿಸಿದರು. "ಇನ್ನೊಂದ್ಸಲ ಒತ್ತಿ ಮಗಳೇ, ನೋಡ್ತೀನಿ."

"ಇಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದಕ್ಕೇ ಚಪ್ಪಟೆ ಆಗ್ತಿಲ್ಲ. ಆಪರೇಷನ್ ಆಗಿ ಅಲ್ಲಾಡದೆ ಮಲಗಿದ್ರೆ ಹೀಗಾಗ್ಬಹುದು. ಸೂಜಿ, ಕಾಲುಚೀಲ, ನಡೆಸೋದು, ಎಲ್ಲಾ ಇದನ್ನ ತಡೆಯೋಕೇ. ಔಷಧಿ ಜಾಸ್ತಿ ಮಾಡ್ತೀನಿ, ಹೆದರ್ಬೇಡಿ."

"ಭಾಸ್ಕರ ಉಜ್ಜಿದ್ದಿದ್ರೆ?"

"ಗಡ್ಡೆ ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗ್ಬಹುದಿತ್ತು. ಜೀವಕ್ಕೇ ಅಪಾಯ ಗುರುಕ್ಕಳೇ."

ಗುರುಕ್ಕಳಿಗೆ ಹಳೆಯದೊಂದು ನೆನಪಾಯಿತು. ಹನ್ನೊಂದು ವರ್ಷದ ಹಿಂದೆ ಬಸ್ ಕಂಡಕ್ಟರ್ ಕಣಾರನ್, ಮುರಿದ ಕಾಲಿನ ಪ್ಲಾಸ್ಟರ್ ತೆಗೆಸಿಕೊಂಡು, ಊದಿದ ಮೀನಖಂಡ ತೋರಿಸಲು ಅವರಲ್ಲಿಗೆ ಬಂದಿದ್ದ. ಉಜ್ಜಿಸಿಕೊಂಡು ಎದ್ದವನು ಅಂಗಳ ದಾಟುವ ಮೊದಲೇ ಏದುಸಿರು ಬಿಡುತ್ತ ಕುಸಿದ. ಹೃದಯಾಘಾತವೆಂದು ಊರೆಲ್ಲ ನಂಬಿತು, ಅವರೂ ನಂಬಿದ್ದರು. ಗುರುಕ್ಕಳ್ ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡರು. ಅವರಿಗೆ ತಮ್ಮ ಕೈಗಳನ್ನು ನೋಡಲೇ ಭಯವಾಯಿತು.

"ಭಾಸ್ಕರಾ, ಕಣಾರನ್ ಹೆಂಡತಿ ಇನ್ನೂ ಅದೇ ಮನೇಲಿದ್ದಾಳೇನೋ?"

"ಇದ್ದಾರೆ ಗುರುಕ್ಕಳೇ. ಯಾಕೆ?"

"ನನ್ನನ್ನ ಎಬ್ಬಿಸು. ನಡೆಯೋದು ಕಲೀಬೇಕು. ಮೊದಲು ಅಲ್ಲಿಗೇ ಹೋಗ್ಬೇಕು."