ನಡುವೆ ಯಾರೂ ಬೇಡ ಎಂದವನು

ವಿಜಯಮಹಾಂತೇಶ ತನ್ನ ಬೈಕಿನ ಚಾವಿಯನ್ನು ಯಾರ ಕೈಗೂ ಕೊಟ್ಟವನಲ್ಲ. ಗಾಡಿ ದಾರಿಗೆ ಅಡ್ಡವಾಗಿದೆಯೆಂದು ಯಾರಾದರೂ ಕೂಗಿದರೆ, ಊಟದ ತಾಟು ಬಿಟ್ಟು, ಎಂಜಲುಗೈಯಲ್ಲೇ ಎದ್ದುಬಂದು ತಾನೇ ಸರಿಸುವನು. ರಾಣೇಬೆನ್ನೂರಿನ ಸುಡುಬೇಸಿಗೆಯಲ್ಲೂ ಕರಿಯ ಜಾಕೀಟು ತೊಟ್ಟು, ಅದರ ಒಳಜೇಬನ್ನು ಒತ್ತಿಹಿಡಿದು, ಒಂದು ಭುಜ ಮೇಲೆತ್ತಿ ನಡೆಯುವ ಅವನನ್ನು ಎದೆನೋವೇ ಎಂದು ನಾನು ಕೇಳಿದ್ದುಂಟು. "ಚಾವಿ ಅದಾವ್ರಿ ಸರ" ಎಂದು ನಕ್ಕಿದ್ದ.

ಅದಕ್ಕೆ ಕಾರಣವಿತ್ತು. ನಮ್ಮ ಮನೆಯ ಮೇಲಿನ ಬಾಡಿಗೆ ಕೋಣೆಯಲ್ಲಿ ಕೂತು ಅವನು ವರ್ಷಗಟ್ಟಲೆ ಹಾವೇರಿ ಬ್ಯಾಡಗಿಗಳ ಅಂಗಡಿ, ಕಲ್ಯಾಣಮಂಟಪಗಳಿಗೆ ವೆಬ್‌ಸೈಟು ಕಟ್ಟಿಕೊಟ್ಟ. ಅವನ್ನೆಲ್ಲ ತನ್ನ ಕಂಪ್ಯೂಟರುಗಳಲ್ಲಿ ಇಟ್ಟುಕೊಂಡಿದ್ದ ದೂರದ ಯಾವುದೋ ಕಂಪನಿ ಒಂದು ಮುಂಜಾನೆ ಬಾಗಿಲು ಹಾಕಿತು. ಸೈಟುಗಳು ಮಾಯವಾದವು, ಬೈಗುಳ ಮಾತ್ರ ಇವನ ಪಾಲಿಗೆ ಉಳಿಯಿತು. ಎಲ್ಲವನ್ನೂ ಒಬ್ಬನ ಕೈಗೆ ಕೊಟ್ಟದ್ದೇ ತಪ್ಪೆಂದು ನಿಶ್ಚಯಿಸಿ, ಅಳಿದುಳಿದ ಗಿರಾಕಿಗಳನ್ನೂ ಬಿಟ್ಟು, ಬ್ಲಾಕ್‌ಚೈನ್ ಕಲಿಯಲು ಕೂತ. ಅಲ್ಲಿ ಯಜಮಾನನೇ ಇಲ್ಲ, ದಾಖಲೆ ಎಲ್ಲರ ಬಳಿಯೂ ಇರುತ್ತದೆ, ಒಬ್ಬನೇ ತಿದ್ದಲಾರ ಎಂದು ವಿವರಿಸುವಾಗ ಅವನ ಮುಖದಲ್ಲಿ ದೀಕ್ಷೆ ಪಡೆದವನ ಕಳೆಯಿರುತ್ತಿತ್ತು. ಮಾತಿಗೊಮ್ಮೆ "ನಡುವ ಯಾರೂ ಬ್ಯಾಡ್ರಿ" ಎನ್ನುವನು.

ಬೆಂಗಳೂರಿನ ಒಂದು ಕಂಪನಿ ಅವನಿಗೆ ಕೆಲಸ ಕೊಡಲು ಒಪ್ಪಿತು. ಆದರೆ ಅವನು ಕಟ್ಟಿದ ಬ್ಲಾಕ್‌ಚೈನ್ ಏರ್ಪಾಟನ್ನು ರೈತರ ನಿಜವಾದ ಒಂದು ಗುಂಪು ಸುಗ್ಗಿ ಮುಗಿಯುವವರೆಗೆ ಬಳಸಿ ತೋರಿಸಬೇಕೆಂದಿತು. ಅವನು ಮೇಡ್ಲೇರಿಯ ಹೆಣ್ಣುಮಕ್ಕಳನ್ನು ಹಿಡಿದ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೂಡಿಯೇ ಮೆಣಸಿನಕಾಯಿ ಇಡುತ್ತಿದ್ದ ಅವರು, ಇನ್ನುಮುಂದೆ ಮಾರಬೇಕಾದಾಗ ಒಬ್ಬೊಬ್ಬರೂ ತಮ್ಮ ಫೋನಿನಿಂದಲೇ ಒಪ್ಪಿಗೆ ಒತ್ತಬೇಕು; ಅಧ್ಯಕ್ಷರಿಲ್ಲ, ದಲಾಲಿಯಿಲ್ಲ. ಪ್ರತಿಯೊಬ್ಬರಿಗೂ ಹನ್ನೆರಡು ಗುಪ್ತಪದ ಬರೆದ ಒಂದು ಚೀಟಿ, ಆ ಪದಗಳೇ ಅವರ ಚಾವಿ. ಪ್ರೇಮವ್ವನೆಂಬಾಕೆ ತನ್ನ ಚೀಟಿಯನ್ನು ಅವನತ್ತಲೇ ಚಾಚಿ, "ನಿನ್ನ ಕಡೆನ ಇರ್ಲಿ ತಗೋ ತಮ್ಮಾ" ಎಂದಾಗ ಅವನು ಕೆಂಡ ತುಳಿದವನಂತೆ ಹಾರಿದ. "ಯಾರನ್ನೂ ನಂಬಬ್ಯಾಡ್ರಿ! ನನ್ನನ್ನೂ ನಂಬಬ್ಯಾಡ್ರಿ!" ಎಲ್ಲರೂ ಹೂಂ ಎಂದು ತಲೆಯಾಡಿಸಿದರು.

ಸುಗ್ಗಿ ಮುಗಿದ ಮೇಲೆ ಕಂಪನಿಯವರು ಮೇಡ್ಲೇರಿಗೆ ಬಂದರು, ನಾನೂ ಜೊತೆಗಿದ್ದೆ. ಗುಂಪಿನ ಹಿರಿಯಳಾದ ಜಯವ್ವನ ಪಡಸಾಲೆಯಲ್ಲಿ ಚಹಾ. ಹೊಲಕ್ಕೆ ಹೋಗುವ ಓಣಿಯವರೆಲ್ಲ ಮನೆಯ ಚಾವಿ ಇಟ್ಟುಹೋಗುವುದು ಅವಳಲ್ಲಿ. ಬಾಗಿಲ ಪಕ್ಕದ ಮೊಳೆಗಳ ತುಂಬ ಚಾವಿಗೊಂಚಲು. ಒಪ್ಪಿಗೆ ಹೇಗೆ ಕೊಡುತ್ತೀರೆಂದು ಕಂಪನಿಯವರು ಕೇಳಿದ್ದೇ ತಡ, ಪ್ರೇಮವ್ವ ಹೆಮ್ಮೆಯಿಂದ ಹೇಳಿಬಿಟ್ಟಳು:

"ಏನೂ ತ್ರಾಸಿಲ್ರಿ. ಎಲ್ಲಾರ ಚೀಟೀನೂ ಜಯವ್ವಕ್ಕನ ಫೋನಿನ್ಯಾಗ ಹಾಕೇವಿ. ನಮ್ಮೆಲ್ಲಾರ್ದೂ ಆಕೀನ ಒತ್ತತಾಳ."

ವಿಜಯಮಹಾಂತೇಶ ಚಹಾದ ಬಸಿಯನ್ನು ನೆಲಕ್ಕಿಟ್ಟು ಎದ್ದುನಿಂತ. "ನಂಬಬ್ಯಾಡ್ರಿ ಅಂತ ಎಷ್ಟ್ ಸಲ ಬಡಕೊಂಡೆ!"

ಜಯವ್ವ ದನಿ ಏರಿಸಲಿಲ್ಲ. "ನಂಬಲಾರದ ಮಂದಿ ಜೋಡಿ ಮೆಣಸಿನಕಾಯಿ ಯಾಕ ಕೂಡಿಸಿ ಇಡಬೇಕೋ ತಮ್ಮಾ?"

ಕಂಪನಿಯವರು ನಗುತ್ತಲೇ ಕಾರು ಹತ್ತಿದರು. ಅವನ ಕೆಲಸವೂ ಅದೇ ಕಾರಿನಲ್ಲಿ ಹೋಯಿತು. ನನಗೆ ಆ ಹೆಣ್ಣುಮಕ್ಕಳ ಮೇಲೂ ಸಿಟ್ಟು ಬಂತು, ಅವನ ಮೇಲೂ. ಯಾರನ್ನು ಬೈಯಬೇಕೆಂದು ಇಂದಿಗೂ ಬಗೆಹರಿದಿಲ್ಲ.

ಹಳೆಯ ಗಿರಾಕಿಗಳು ಅಷ್ಟರಲ್ಲಿ ಬೇರೆಯವರನ್ನು ಹಿಡಿದಿದ್ದರು. ಈಗ ಅವನದು ಬ್ಯಾಡಗಿ ಸ್ಟೇಷನ್ ರಸ್ತೆಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಸಣ್ಣ ಅಂಗಡಿ. ಮೊನ್ನೆ ಹೋದಾಗ ಹಮಾಲ ಹಜರತಅಲಿ ತನ್ನ ಫೋನನ್ನೇ ಅವನ ಮುಂದಿಟ್ಟು, "ಓಟಿಪಿ ನೀವ ನೋಡ್ಕೋರಿ, ಪಾಸ್‌ವರ್ಡೂ ನಿಮ್ಮ ಕಡೆನ ಇರ್ಲಿ" ಎನ್ನುತ್ತಿದ್ದ. ವಿಜಯಮಹಾಂತೇಶ ಬೈಯದೆ ಅದನ್ನು ತೆಗೆದುಕೊಂಡ. ಜಾಕೀಟು ಮೊಳೆಗೆ ತೂಗುತ್ತಿತ್ತು. ಹೊರಗೆ ಯಾರೋ ಗಾಡಿ ತೆಗೆಯಿರೆಂದು ಕೂಗಿದರು. ಅವನು ತಲೆಯೆತ್ತದೆ ಮೇಜಿನ ಮೇಲಿದ್ದ ಚಾವಿಯನ್ನು ನನ್ನತ್ತ ನೂಕಿದ.

"ನೀವ ಸರಸ್ರಿ ಸರ."

ನಂಬಿಕೆಯಿಂದ ಏಟು ತಿಂದು, ನಂಬಿಕೆಯೇ ಬೇಡದ ಲೋಕವೊಂದನ್ನು ಕಟ್ಟಲು ಹೊರಡುವ ಇಂಥವರು ಎಲ್ಲ ಊರಲ್ಲೂ ಒಬ್ಬರಿರುತ್ತಾರೆ. ಊರು ಅವರನ್ನು ವಿರೋಧಿಸುವುದಿಲ್ಲ, ಹಂಗಿಸುವುದೂ ಇಲ್ಲ. ನಂಬಿ ನಂಬಿಯೇ ಮುಗಿಸಿಬಿಡುತ್ತದೆ.